ಅಪ್‌ಡೇಟ್: ಮನೆಯಲ್ಲಿ ಡಾನ್ಸ್ ಪೋಲ್ ನಿಂತಿತು

ನಮ್ಮ ಬಸವನಗುಡಿ ಫ್ಲ್ಯಾಟ್‌ನಲ್ಲಿ ಫಾಲ್ಸ್ ಸೀಲಿಂಗ್ ಇದೆ, ಅದರ ಕೆಳಗೆ ಸ್ಕ್ರೂ ತಿರುಗಿಸಿ ನೆಲಕ್ಕೂ ಸೀಲಿಂಗ್‌ಗೂ ನಡುವೆ ಬಿಗಿ ಮಾಡುವ ಪೋಲ್ (ಪೋಲ್ ಡಾನ್ಸ್‌ಗೆ ಹಿಡಿದು ಹತ್ತುವ ಕಂಬ) ನಿಲ್ಲುತ್ತಾ ಅಂತ ಇಲ್ಲಿ ಕೇಳಿದ್ದೆ. ಬೇಡವೇ ಬೇಡ ಅಂತ ಹೇಳಿದವರಿಗೆಲ್ಲ ತುಂಬಾ ಥ್ಯಾಂಕ್ಸ್. ಫಾಲ್ಸ್ ಸೀಲಿಂಗ್‌ನ ಜಿಪ್ಸಮ್ ಬೋರ್ಡ್ ಭಾರ ಹೊರೋದಿಲ್ಲ. ಅಷ್ಟು ಭಾಗ ಚೌಕವಾಗಿ ಕತ್ತರಿಸಿ, ಮೇಲಿನ ಆರ್‌ಸಿಸಿ ಸ್ಲ್ಯಾಬ್‌ಗೇ ಪೋಲ್ ಹಿಡಿಯುವ ಪ್ಲೇಟ್ ಕೂರಿಸಿದ್ವಿ.

ಪೈಪ್ ಹುಡುಕೋದೇ ದೊಡ್ಡ ಕೆಲಸ. ರೇಲಿಂಗ್ ಅಂಗಡಿಯಲ್ಲಿ ಒಂದೂವರೆ ಇಂಚು, ಎರಡು ಇಂಚು ತೋರಿಸ್ತಾರೆ, ಅವೂ ತೆಳು. ಪೋಲ್‌ಗೆ ಬೇಕಾದ್ದು ಹೊರ ಅಳತೆ 45 ಮಿಮೀ. ಕೊನೆಗೆ ಪೀಣ್ಯದಲ್ಲಿ 304 ಸ್ಟೇನ್‌ಲೆಸ್ ಸ್ಟೀಲ್‌ನ ದಪ್ಪ ಪೈಪ್ ಸಿಕ್ಕಿತು. ನಡುವೆ ಜಾಯಿಂಟ್ ಇಲ್ಲದ ಒಂದೇ ತುಂಡು. ಪ್ಲೇಟು, ಅದರ ಮೇಲಿನ ಬುಷ್ (ಪೈಪಿನ ತುದಿ ಕೂರುವ ಬಳೆ) ಎರಡನ್ನೂ ಅಲ್ಲೇ ಲೇತ್‌ನಲ್ಲಿ ಮಾಡಿಸಿದೆ.

ಡ್ರಿಲ್ ಹಾಕೋ ಮೊದಲು ಎಲೆಕ್ಟ್ರಿಷಿಯನ್‌ನ ಕರೆಸಿ. ಫ್ಯಾನಿಗೆ ಹೋಗುವ ವೈರಿನ ಪೈಪು ಸ್ಲ್ಯಾಬ್ ಒಳಗೇ ಇರುತ್ತೆ. ನಮ್ಮ ಎಲೆಕ್ಟ್ರಿಷಿಯನ್ ಸೀಮೆಸುಣ್ಣದಲ್ಲಿ ಗೆರೆ ಎಳೆದುಕೊಟ್ಟು, ಅದರಿಂದ ದೂರ ಆಂಕರ್ ಬೋಲ್ಟ್ ಹಾಕಿಸಿದರು. ಆಮೇಲೆ ಗಾರೆ ಮೇಸ್ತ್ರಿ ತೂಗುಗುಂಡು ಬಿಟ್ಟು ನಾಲ್ಕೂ ಕಡೆ ನೋಡಿ, ಕೆಳಗಿನ ಪ್ಲೇಟನ್ನು ಕೂದಲೆಳೆಯಷ್ಟು ಸರಿಸಿದರು. ಅವರ ತಾಳ್ಮೆಗೆ ಕೈ ಮುಗೀಬೇಕು.

ಅಮ್ಮ "ಮಲ್ಲಕಂಬಕ್ಕೆ ಹರಳೆಣ್ಣೆ ಹಚ್ತಾರಲ್ವೇನೇ?" ಅಂದ್ರು. ಇದಕ್ಕೆ ಎಣ್ಣೆ ಸೋಕಲೇಬಾರದಮ್ಮ, ಬರೀ ಚರ್ಮದ ಹಿಡಿತ ಅಂದೆ. ಸ್ಪಿರಿಟ್‌ನಲ್ಲಿ ಒರೆಸೋ ಬಟ್ಟೆ ಈಗ ಅವರೇ ತೆಗೆದಿಡ್ತಾರೆ.

ಪೋಲ್ ಕೆಳಗೆ ಹಾಸೋ ದಪ್ಪನೆಯ ಕ್ರ್ಯಾಶ್ ಮ್ಯಾಟ್ ಇನ್ನೂ ಬಂದಿಲ್ಲ. ಅದು ಬರೋವರೆಗೂ ತಲೆಕೆಳಗಾಗೋ ಯಾವ ಪಟ್ಟನ್ನೂ ಹಾಕೋದಿಲ್ಲ.