ಭೀಮಾ ನದಿಯ ಮಾಲಿನ್ಯಕ್ಕೆ ಕರಾವಳಿಯ ಕಾನೂನು ಅನ್ವಯಿಸುತ್ತದೆಯೇ?

ಪ್ರಶ್ನೆ (ಶಿಕ್ಷಕಿ, ಚಿತ್ತಾಪುರ)
ಒಂಬತ್ತನೆಯ ತರಗತಿಗೆ ಸಮುದ್ರ ಮಾಲಿನ್ಯದ ಪಾಠ ಮಾಡಬೇಕಿದೆ. ಮಂಗಳೂರು, ಕಾರವಾರ ಎಂದರೆ ಇಲ್ಲಿನ ಮಕ್ಕಳಿಗೆ ಅದು ಬೇರೆ ಯಾರದೋ ಸಮಸ್ಯೆ. ಕಾಗಿಣಾ ಭೀಮೆಯನ್ನು, ಭೀಮೆ ಕೃಷ್ಣೆಯನ್ನು ಸೇರಿ ಕಡೆಗೆ ಬಂಗಾಳ ಕೊಲ್ಲಿಗೇ ಹೋಗುವುದರಿಂದ, ನಮ್ಮ ಹೊಲದ ಗೊಬ್ಬರವೂ ಚರಂಡಿ ನೀರೂ ಅಲ್ಲಿಗೆ ಮುಟ್ಟುತ್ತವೆಯೇ? ಮುಟ್ಟಿದರೆ ಕರಾವಳಿ ನಿಯಂತ್ರಣ ವಲಯದ ನಿಯಮಗಳು ನಮಗೂ ಅನ್ವಯಿಸುತ್ತವೆಯೇ?

ಉತ್ತರ 1 (ಶಹಾಪುರ)
ಮೇಡಂ, ಎಲ್ಲವೂ ಒಂದೇ ರೀತಿ ಮುಟ್ಟುವುದಿಲ್ಲ. ನಾರಾಯಣಪುರ ಎಡದಂಡೆ ಕಾಲುವೆಯ ಭತ್ತದ ಗದ್ದೆಗಳಲ್ಲಿ ನಿಂತ ನೀರಿಗೇ ಯೂರಿಯಾ ಎರಚುತ್ತಾರೆ. ಮರುದಿನ ಜೋರು ಮಳೆಯಾದರೆ ಒಡ್ಡು ಕಡಿದು ಹೆಚ್ಚಿನ ನೀರನ್ನು ಹಳ್ಳಕ್ಕೆ ಬಿಡುತ್ತಾರೆ. ಆ ಸಾರಜನಕದ ಒಂದು ಪಾಲು ನೈಟ್ರೇಟ್ ಆಗಿ ನೀರಿನಲ್ಲಿ ಕರಗಿ ದೂರ ಸಾಗುತ್ತದೆ. ರಂಜಕ ಮಣ್ಣಿನ ಕಣಕ್ಕೆ ಅಂಟಿಕೊಳ್ಳುವ ಕಾರಣ ಅದರಲ್ಲಿ ಹೆಚ್ಚಿನದು ಶ್ರೀಶೈಲ, ನಾಗಾರ್ಜುನಸಾಗರಗಳ ಹೂಳಿನಲ್ಲೇ ಉಳಿಯುತ್ತದೆ. ಮಳೆ ಕೈಕೊಟ್ಟ ವರ್ಷ ವಿಜಯವಾಡದ ಪ್ರಕಾಶಂ ಬ್ಯಾರೇಜಿನ ಕೆಳಗೆ ಹರಿಯುವ ನೀರೇ ಅತ್ಯಲ್ಪ, ಪ್ರವಾಹದ ವರ್ಷ ಮಾತ್ರ ಎಲ್ಲವೂ ಒಮ್ಮೆಲೇ ಹೋಗುತ್ತದೆ. ಸಮುದ್ರದಲ್ಲಿ ಪೋಷಕಾಂಶ ಹೆಚ್ಚಾದರೆ ಪಾಚಿ ಸೊಕ್ಕಿ ಬೆಳೆದು, ಅದು ಸತ್ತು ಕೊಳೆಯುವಾಗ ನೀರಿನ ಆಮ್ಲಜನಕ ಕುಸಿಯುತ್ತದೆ. ಹೂಳು ಅಣೆಕಟ್ಟಿನಲ್ಲಿ ನಿಂತದ್ದು ಒಳ್ಳೆಯದೇ ಆಯಿತೆನ್ನುವಂತೆಯೂ ಇಲ್ಲ, ಏಕೆಂದರೆ ಹೂಳು ಸಿಗದ ಕೃಷ್ಣಾ ಮುಖಜಭೂಮಿಯ ದಡವನ್ನು ಅಲೆಗಳು ಕೊರೆಯುತ್ತಿವೆ.

ಉತ್ತರ 2 (ವಕೀಲ, ಬೀದರ್)
ಕಾನೂನಿನ ಪ್ರಶ್ನೆಗೆ ಉತ್ತರ: ಅನ್ವಯಿಸುವುದಿಲ್ಲ. 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯ ವ್ಯಾಪ್ತಿ ಸಮುದ್ರದ ಉಬ್ಬರದ ಗೆರೆಯಿಂದ ನೆಲದ ಕಡೆಗೆ 500 ಮೀಟರ್. ನದಿಗಳಲ್ಲಾದರೆ ಉಬ್ಬರವಿಳಿತದ ಪ್ರಭಾವ ಇರುವಷ್ಟು ದೂರ, ಅಂದರೆ ವರ್ಷದ ಅತಿ ಒಣ ಕಾಲದಲ್ಲಿ ಸಾವಿರ ಭಾಗಕ್ಕೆ 5 ಭಾಗ ಉಪ್ಪು ಕಾಣುವ ಜಾಗದವರೆಗೆ. ನಮ್ಮ ಮಾಂಜ್ರಾ, ನಿಮ್ಮ ಭೀಮೆ 1974ರ ಜಲ ಕಾಯ್ದೆಗೆ ಸೇರಿದವು. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯು ಕಾರ್ಖಾನೆಯ, ಪುರಸಭೆಯ ಕೊಳವೆಯಿಂದ ಬರುವ ನೀರನ್ನು ಪರೀಕ್ಷಿಸಬಲ್ಲದು, ಅನುಮತಿಯನ್ನೂ ಹಿಂಪಡೆಯಬಲ್ಲದು. ಸಾವಿರಾರು ಹೊಲಗಳಿಂದ ಜಿನುಗುವ ಯೂರಿಯಾಕ್ಕೆ ಕೊಳವೆಯೂ ಇಲ್ಲ, ಅನುಮತಿಪತ್ರವೂ ಇಲ್ಲ. ನನ್ನ ದೃಷ್ಟಿಯಲ್ಲಿ ವ್ಯವಸ್ಥೆಯ ದೊಡ್ಡ ಕಂಡಿ ಇದೇ. ಸ್ವಲ್ಪ ಹತ್ತಿರ ಬರುವ ಕ್ರಮವೆಂದರೆ 2015ರಲ್ಲಿ ದೇಶೀಯ ಯೂರಿಯಾಕ್ಕೆ ಕಡ್ಡಾಯವಾದ, ಸಾರಜನಕ ನೈಟ್ರೇಟ್ ಆಗುವುದನ್ನು ನಿಧಾನಿಸುವ ಬೇವಿನ ಲೇಪನ. ಅದನ್ನು ತಂದದ್ದು ಗೊಬ್ಬರ ಪೋಲಾಗದಿರಲೆಂದೂ ಕಾರ್ಖಾನೆಗಳಿಗೆ ಸೋರಿಹೋಗದಿರಲೆಂದೂ ಹೊರತು ಸಮುದ್ರಕ್ಕಾಗಿ ಅಲ್ಲ.

ಉತ್ತರ 3 (ಕಲಬುರಗಿ)
ಇಬ್ಬರೂ ಸರಿಯಾಗಿ ಹೇಳಿದ್ದಾರೆ, ಆದರೆ ಪಾಠದಲ್ಲಿ ಬಲೆಯನ್ನು, ಅಂದರೆ ಮೀನುಗಾರಿಕೆಯ ನಿಯಮಗಳನ್ನು, ಬಿಡಬೇಡಿ ಮೇಡಂ. ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ, ಪಶ್ಚಿಮದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಮೀನು ಹಿಡಿಯುವಂತಿಲ್ಲ. 12 ನಾಟಿಕಲ್ ಮೈಲಿವರೆಗಿನ ಮೀನುಗಾರಿಕೆ ರಾಜ್ಯದ್ದು, ಅಲ್ಲಿಂದ 200ರವರೆಗೆ ಕೇಂದ್ರದ್ದು. ಗೊಬ್ಬರದ ನೀರು ಈ ಎರಡೂ ಗಡಿಗಳ ಹೊರಗೆ, ಒಳನಾಡಿನಲ್ಲೇ ಹುಟ್ಟುತ್ತದೆ ಎಂಬುದನ್ನು ಭೂಪಟದ ಮೇಲೆ ಗೆರೆ ಎಳೆದು ತೋರಿಸಿದರೆ ಮಕ್ಕಳಿಗೆ ಬೇಗ ಅರ್ಥವಾದೀತು.