ಹಳೇ ಇಎಂಐ ಕಾರ್ಡ್ ಶುಲ್ಕ ವಾಪಸ್ ಪಡೆಯಬೇಕು, ಕಂಪನಿ ಲೆಕ್ಕವೇ ಕೊಡುತ್ತಿಲ್ಲ

ಕಾಫಿಹೂ (ಸೋಮವಾರಪೇಟೆ):
2022ರಲ್ಲಿ ಫ್ರಿಜ್ ತಗೊಳ್ಳುವಾಗ ಅಂಗಡಿಯವರು ಅಮ್ಮನ ಹೆಸರಿಗೆ ಇಎಂಐ ಕಾರ್ಡ್ (ಕಂತಿನ ಸಾಲದಲ್ಲಿ ಸಾಮಾನು ಕೊಳ್ಳುವ ಕಾರ್ಡ್) ಮಾಡಿಸಿದರು. ಸಾಲ ಪೂರ್ತಿ ತೀರಿದೆ. ಆದರೆ ನಾವು ಕೇಳದೇ ಇದ್ದ ವಿಮೆ, ವಾರ್ಷಿಕ ಶುಲ್ಕ ಅಂತ ಸಾಲ ಕೊಟ್ಟ ಕಂಪನಿಯವರು ಕಂತಿನ ಜೊತೆ ಜಾಸ್ತಿ ಹಣ ಹಿಡಿದಿದ್ದಾರೆ. ಹಳೇ ಸ್ಟೇಟ್‌ಮೆಂಟ್ ಕೇಳಿದರೆ ಖಾತೆ ಮುಚ್ಚಿದೆ, ಏನೂ ಸಿಗಲ್ಲ ಅನ್ನುತ್ತಾರೆ. ಅಮ್ಮ ತೋಟದಲ್ಲಿ ಕಾಫಿ ಕುಯ್ದು ಕಟ್ಟಿದ ದುಡ್ಡು ಅದು, ಸುಮ್ನೆ ಬಿಡೋಕೆ ಮನಸ್ಸಿಲ್ಲ. ಏನು ಮಾಡಬಹುದು?

ಹಾರಂಗಿ:
ಅವರ ಲೆಕ್ಕಕ್ಕೆ ಕಾಯಬೇಡಿ. ಕಂತು ಹೋಗಿದ್ದು ಅಮ್ಮನ ಬ್ಯಾಂಕ್ ಖಾತೆಯಿಂದ ಅಲ್ವಾ? ಆ ಶಾಖೆಯಲ್ಲೇ ಸ್ಟೇಟ್‌ಮೆಂಟ್ ಕೇಳಿ. ಸಿಬಿಲ್ ವರದಿಯೂ (ನಮ್ಮ ಸಾಲಗಳ ಇತಿಹಾಸದ ದಾಖಲೆ) ವರ್ಷಕ್ಕೆ 1 ಸಲ ಉಚಿತ, ಸಾಲದ ಮೊತ್ತ, ಶುರುವಾದ ದಿನ, ಮುಚ್ಚಿದ ದಿನ ಅದರಲ್ಲಿರುತ್ತದೆ.

ವಿರಾಜಪೇಟೆಯವ:
ದಾಖಲೆ ಸಿಗಲ್ಲ ಅನ್ನೋದನ್ನು ಒಪ್ಪಲೇಬೇಡಿ. ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆ ಪ್ರಕಾರ ವಹಿವಾಟಿನ ದಾಖಲೆಯನ್ನು ಅವರು 5 ವರ್ಷ ಇಟ್ಟುಕೊಳ್ಳಬೇಕು. ಹಾಗಾಗಿ ತಡ ಮಾಡದೆ ಕಂಪನಿಯ ದೂರು ಅಧಿಕಾರಿಗೆ ಇಮೇಲ್ ಮಾಡಿ, ಸಾಲದ ಒಪ್ಪಂದ, ವಿಮೆಗೆ ಅಮ್ಮ ಸಹಿ ಹಾಕಿದ ಕಾಗದ, ಪೂರ್ತಿ ಲೆಕ್ಕ ಮೂರನ್ನೂ ಹೆಸರಿಸಿ ಕೇಳಿ. ಫೋನಲ್ಲಿ ಮಾತಾಡಿದರೆ ಪುರಾವೆ ಇರಲ್ಲ. 30 ದಿನದಲ್ಲಿ ಉತ್ತರ ಬರದಿದ್ದರೆ ಆರ್‌ಬಿಐ ಒಂಬುಡ್ಸ್‌ಮನ್‌ಗೆ (ಬ್ಯಾಂಕ್, ಸಾಲದ ಕಂಪನಿಗಳ ಮೇಲಿನ ದೂರು ನೋಡುವ ರಿಸರ್ವ್ ಬ್ಯಾಂಕ್ ಅಧಿಕಾರಿ) ಆನ್‌ಲೈನಲ್ಲಿ ದೂರು ಕೊಡಿ, ಖರ್ಚಿಲ್ಲ. ಸಹಾಯವಾಣಿ 14448.

ಹಾರಂಗಿ:
ಮಡಿಕೇರಿಯ ಗ್ರಾಹಕರ ಆಯೋಗವೂ ಇದೆ. ಅಲ್ಲಿ ಸಾಮಾನ್ಯವಾಗಿ 2 ವರ್ಷದ ಗಡುವು, ತಡವಾಗಿದ್ದರೆ ಸರಿಯಾದ ಕಾರಣ ಬರೆದು ಕೊಡಬೇಕು. ಕಂಪನಿಯವರ ನಿರಾಕರಣೆ ಇಮೇಲ್ ಜೋಪಾನ.