ಪಾವ್ ಇಂಚಿನ ಗೇಜ್ ಎರಡು ಸುತ್ತಿಗೇ ಬಿಗಿ ಹಿಡೀತೈತಿ, ಆದ್ರೂ ಸೋರ್ತೈತಿ

ತಿಕೋಟಾ_ದ್ರಾಕ್ಷಿ:
ನಮಸ್ಕಾರ್ರಿ. ದ್ರಾಕ್ಷಿಗೆ ಔಷಧ ಹೊಡಿಯೋ ಬ್ಲೋವರಿನ ಪಂಪಿನ ಪ್ರೆಶರ್ ಗೇಜ್ ಒಡದಿತ್ತು. ಗ್ಲಿಸರಿನ್ ತುಂಬಿದ ಹೊಸಾದು ಆನ್‌ಲೈನ್‌ದಾಗ ತರಿಸೀನಿ. ಹಳೇದೂ ಪಾವ್ ಇಂಚು, ಇದೂ ಪಾವ್ ಇಂಚು. ಕೈಲೆ ಎರಡು ಸುತ್ತು ಛಲೋ ಹೋಗ್ತೈತಿ, ಆಮೇಲೆ ಗಟ್ಟಿ ಹಿಡೀತೈತಿ. ಪಾನಾ ಹಾಕಿ ಇನ್ನರ್ಧ ಸುತ್ತು ತಿರುವಿದ್ವಿ. ಟೆಫ್ಲಾನ್ ಟೇಪ್ ದಪ್ಪಗೆ ಸುತ್ತಿದ್ರೂ ಪ್ರೆಶರ್ ಏರಿಸಿದ ಕೂಡ್ಲೇ ಥ್ರೆಡ್ಡಿನ ಬುಡದಾಗಿಂದ ಹನಿ ಬರ್ತೈತಿ. ಇನ್ನೊಂದು, ವರ್ನಿಯರ್ ಹಿಡದ್ರ 13 ಮಿ.ಮೀ. ಮ್ಯಾಲೆ ತೋರಸ್ತೈತಿ. ಪಾವ್ ಇಂಚು ಅಂದ್ರ 6 ಚಿಲ್ಲರೆ ಅಲ್ಲೇನ್ರಿ?

ಮುಧೋಳ_ಪಂಪ್‌ಸೆಟ್:
ಟೇಪ್ ಬಿಚ್ಚಿ ಸಣಬು, ಸಫೇದಾ ಹಚ್ಚಿ ಕೂಡಸ್ರಿ. ನಮ್ಮ ಬೋರಿನ ಪೈಪಿಗೆಲ್ಲ ಹಂಗೇ ಮಾಡ್ತೀವಿ, ಒಂದು ಹನಿ ಸೋರಂಗಿಲ್ಲ.

ಉದ್ಯಮಬಾಗ_ಲೇಥ್:
ಸಣಬಿನ ಮಾತು ತಡೀರಿ ಅಣ್ಣಾರ. ಮೊದಲ ಗೇಜಿನ ಬುಡದಾಗ, ಪಾನಾ ಹಿಡಿಯೋ ಕಡೆ ಏನ್ ಹೊಡದಾರ ಓದ್ರಿ. ನನಗ ಅದು ಎನ್‌ಪಿಟಿ ಅನಸ್ತೈತಿ, ಅಮೆರಿಕದ ಮಾಪು. ನಮ್ಮಲ್ಲಿ ಜಿಐ ಪೈಪು, ನಳ, ವಾಲ್ವ್ ಎಲ್ಲಾ ಬಿಎಸ್‌ಪಿ, ಅಂದ್ರ ಇಂಗ್ಲೆಂಡಿನ ಮಾಪಿನ ಮ್ಯಾಲೇ ನಡೀತಾವು. ನಮ್ಮ ಭಾರತೀಯ ಮಾನಕ ಐಎಸ್ 554ರ ಥ್ರೆಡ್ಡೂ ಅದೇ.

ಪಾವ್ ಇಂಚಿನ ಬಿಎಸ್‌ಪಿಗೆ ಇಂಚಿಗೆ 19 ಥ್ರೆಡ್, ಎನ್‌ಪಿಟಿಗೆ 18. ಒಂದು ಥ್ರೆಡ್ಡಿನಿಂದ ಇನ್ನೊಂದಕ್ಕ ಅಂತರ ಬಿಎಸ್‌ಪಿಗೆ 1.337 ಮಿ.ಮೀ., ಎನ್‌ಪಿಟಿಗೆ 1.411. ಇಷ್ಟು ಸಣ್ಣ ಫರಕು ಮೊದಲ ಎರಡು ಸುತ್ತಿಗೆ ಕೈಗೆ ತಿಳ್ಯಂಗಿಲ್ಲ. ಮುಂದ ಅದೇ ಕೂಡಕೋತ ಹೋಗಿ ಥ್ರೆಡ್ಡಿನ ಬೆನ್ನ ಮ್ಯಾಲೆ ಥ್ರೆಡ್ ಏರ್ತೈತಿ. ನಿಮಗ ಬಿಗಿ ಆತು ಅನಸ್ತೈತಿ, ಖರೇ ಅಂದ್ರ ಒಂದೆರಡು ಕಡೆ ಅಷ್ಟೇ ತಾಕಿರ್ತೈತಿ. ಕೋನಾನೂ ಬ್ಯಾರೆ. ಬಿಎಸ್‌ಪಿ 55 ಡಿಗ್ರಿ, ತುದಿ ದುಂಡಗ. ಎನ್‌ಪಿಟಿ 60 ಡಿಗ್ರಿ, ತುದಿ ಚಪ್ಪಟೆ. ಉಳಿದ ಸಂದಿ ಸುರುಳಿ ಸುತ್ತಿಕೊಂಡು ಒಳಗಿಂದ ಹೊರಗಿನ ತನಕ ನೀರಿಗೆ ಹಾದಿ ಆಗ್ತೈತಿ. ಟೇಪ್ ಆಗ್ಲಿ ಸಣಬು ಆಗ್ಲಿ ತುಂಬೋದು ಕೂದಲೆಳೆ ಸಂದಿ. ಹೊಂದದ ಥ್ರೆಡ್ಡನ್ನ ಅವು ಹೊಂದಸಂಗಿಲ್ಲ.

13 ಮಿ.ಮೀ. ಸರಿನೇ ಐತಿ. ಪೈಪಿನ ಹೆಸರು ಹಿಂದಿನಿಂದ ಒಳಗಿನ ತೂತಿನ ಲೆಕ್ಕದ್ದು. ಪಾವ್ ಇಂಚಿನ ಬಿಎಸ್‌ಪಿ ಹೊರಗ 13.157, ಅರ್ಧ ಇಂಚಿಂದು 20.955.

ಇನ್ನ ತಿರುವಬ್ಯಾಡ್ರಿ, ಬಾಡಿ ಅಲ್ಯೂಮಿನಿಯಂ ಇದ್ರ ಥ್ರೆಡ್ ಕಿತ್ತು ಬರ್ತೈತಿ. ಹಳೇ ಗೇಜು, ಹೊಸಾ ಗೇಜು ಎರಡರ ಥ್ರೆಡ್ಡೂ ಒಂದರಾಗ ಒಂದು ಕೂಡಿಸಿ ಬೆಳಕಿಗೆ ಹಿಡದು ನೋಡ್ರಿ.

ತಿಕೋಟಾ_ದ್ರಾಕ್ಷಿ:
ಹೊಸಾದ್ರ ಮ್ಯಾಲೆ ಎನ್‌ಪಿಟಿ ಅಂತೇ ಐತ್ರಿ, ಡಬ್ಬಿ ಮ್ಯಾಲೆ ಬರೀ 1/4 ಇತ್ತು. ಹಳೇದ್ರ ಮ್ಯಾಲೆ ಜಿ 1/4. ಬೆಳಕಿಗೆ ಹಿಡದ್ರ ಮೊದಲಿನ ಮೂರು ಥ್ರೆಡ್ ಕೂಡ್ತಾವು, ಮುಂದ ಸಂದ್ಯಾಗ ಬೆಳಕು ಕಾಣ್ತೈತಿ. ಇಲ್ಲಿ ವರ್ಕ್‌ಶಾಪಿನವರು ತೂತಿಗೆ ಎನ್‌ಪಿಟಿ ಟ್ಯಾಪ್ (ಒಳಥ್ರೆಡ್ ಕೊರಿಯೋ ಹತ್ಯಾರ) ಹೊಡದುಬಿಡೂಣು ಅಂತಾರ. ಹೊಡಸ್ಲೇನ್ರಿ?

ಉದ್ಯಮಬಾಗ_ಲೇಥ್:
ಬ್ಯಾಡ್ರಿ! 19ರ ಥ್ರೆಡ್ಡಿನ್ಯಾಗ 18ರ ಟ್ಯಾಪ್ ಓಡಿಸಿದ್ರ ಹಳೇ ಥ್ರೆಡ್ ಅರ್ಧ ಕತ್ತರಿಸಿ ಹೋಗ್ತೈತಿ, ಮುಂದ ಇಲ್ಲಿ ಸಿಗೋ ಗೇಜೂ ಅದಕ್ಕ ಕೂಡಂಗಿಲ್ಲ.

ಜಿ ಅಂದ್ರ ಬಿಎಸ್‌ಪಿಯೊಳಗಿನ ಪ್ಯಾರಲಲ್, ಬುಡದಿಂದ ತುದಿ ತನಕ ಒಂದೇ ದಪ್ಪ. ಅದು ಥ್ರೆಡ್ಡಿನಾಗ ಸೀಲ್ ಆಗೂದಲ್ಲ, ವಾಶರಿನ ಮ್ಯಾಲೆ ಸೀಲ್ ಆಗೂದು. ತೂತಿನ ತಳದಾಗ ಹಳೇ ತಾಮ್ರದ ವಾಶರ್ ಉಳದಿರಬೇಕು, ಟಾರ್ಚ್ ಹಾಕಿ ನೋಡ್ರಿ. ಆರ್ ಅಂತ ಹೊಡದಿದ್ರ ಅದು ಬಿಎಸ್‌ಪಿಯ ಟೇಪರ್, 16 ಮಿ.ಮೀ. ಉದ್ದಕ್ಕ 1 ಮಿ.ಮೀ. ದಪ್ಪ ಏರ್ತೈತಿ. ಎನ್‌ಪಿಟಿಯ ಇಳಿಜಾರೂ ಅಷ್ಟೇ. ಟೇಪ್ ಬೇಕಾಗೂದು ಇಂಥಾ ಟೇಪರಿಗೆ.

ಗೇಜ್ ಬದಲಿ ಕೊಟ್ರ ಜಿ 1/4 ತಗೊಳ್ರಿ. ಕೊಡಲಿಲ್ಲ ಅಂದ್ರ ಅಡಾಪ್ಟರ್ ಹಾಕ್ರಿ: ಒಂದು ಕಡೆ ಒಳಥ್ರೆಡ್ ಎನ್‌ಪಿಟಿ, ಇನ್ನೊಂದು ಕಡೆ ಹೊರಥ್ರೆಡ್ ಜಿ 1/4. ಹೈಡ್ರಾಲಿಕ್ ಫಿಟ್ಟಿಂಗಿನ ಅಂಗಡಿಗೆ ಎರಡೂ ಗೇಜ್ ತಗೊಂಡೇ ಹೋಗ್ರಿ, ಬಾಯಿಲೆ ಹೇಳಿದ್ರ ಮತ್ತ ತಪ್ಪು ಬರ್ತೈತಿ.

ಮುಧೋಳ_ಪಂಪ್‌ಸೆಟ್:
ನಾ ಅರ್ಧ ಇಂಚಿನ ಎನ್‌ಪಿಟಿ ವಾಲ್ವ್ ಜಿಐ ಪೈಪಿಗೆ ಹಾಕೀನಿ, ಸೋರಿಲ್ಲಲ್ರಿ?

ಉದ್ಯಮಬಾಗ_ಲೇಥ್:
ಅರ್ಧ ಇಂಚು, ಮುಕ್ಕಾಲು ಇಂಚಿನಾಗ ಎರಡಕ್ಕೂ ಇಂಚಿಗೆ 14 ಥ್ರೆಡ್, ಅದಕ್ಕ ಏರ್ತಾವು. ಕೋನ ಮಾತ್ರ ಬ್ಯಾರೇನೇ. ಟಾಕಿ ನೀರಿನ ಒತ್ತಡಕ್ಕ ಸಣಬು ತಡದೈತಿ. ಔಷಧ, ಗ್ಯಾಸು, ಎಣ್ಣಿ ಲೈನಿಗೆ ಹಂಗ ಮಾಡಬಾರದು. ಒಂದು ಇಂಚಿನ ಪೈಪಿಗೆ ಬಂದ್ರ ಮತ್ತ ಬಿಎಸ್‌ಪಿ 11, ಎನ್‌ಪಿಟಿ 11.5. ಇದು ಹಳೇ ಜಗಳ: ಇಂಗ್ಲೆಂಡಿನ ವಿಟ್‌ವರ್ತ್ 1841ರಾಗ 55 ಡಿಗ್ರಿ ಹಿಡದ, ಅಮೆರಿಕದ ಸೆಲರ್ಸ್ 1864ರಾಗ 60 ಹಿಡದ. ಅರ್ಧ ಇಂಚಿನ ಬೋಲ್ಟಿನಾಗೂ ಇಂಗ್ಲೆಂಡಿನ ಬಿಎಸ್‌ಡಬ್ಲ್ಯೂಗೆ ಇಂಚಿಗೆ 12 ಥ್ರೆಡ್, ಅಮೆರಿಕದ ಯುಎನ್‌ಸಿಗೆ 13. ಹಳೇ ಮಷೀನಿನ ನಟ್ ಬದಲಿಸೋ ಮುಂದ ಎಣಿಸೇ ಹಾಕ್ರಿ.

ತಿಕೋಟಾ_ದ್ರಾಕ್ಷಿ:
ಬದಲಿ ಕೊಡಲಿಲ್ರಿ. ಹಿತ್ತಾಳಿ ಅಡಾಪ್ಟರ್ ಸಿಕ್ತು. ಪಂಪಿನ ಕಡೆ ಹೊಸಾ ತಾಮ್ರದ ವಾಶರ್, ಗೇಜಿನ ಕಡೆ ಅಷ್ಟೇ ಟೇಪ್. 25 ಕೆಜಿ ಪ್ರೆಶರಿಗೆ ಓಡಿಸಿದ್ವಿ, ಒಣಗೇ ಐತಿ. ಮುಳ್ಳು ಮಾತ್ರ ನಡಗ್ತೈತಿ.

ಉದ್ಯಮಬಾಗ_ಲೇಥ್:
ಅದು ಪಿಸ್ಟನ್ ಪಂಪಿನ ಬಡಿತ. ಆ ಬಡಿತ ತಗ್ಗಿಸೋ ಸ್ನಬ್ಬರ್ ಅಂತ ಸಿಗ್ತೈತಿ, ಗೇಜಿಗೂ ಅಡಾಪ್ಟರಿಗೂ ನಡುವ ಹಾಕ್ರಿ. ಅದರ ಎರಡೂ ಕಡೆ ಎನ್‌ಪಿಟಿನೇ ಇರ್ಲಿ.